ಜೋಕರನ ಅಳಲನ್ನು ನಂಬುವ ಮುನ್ನ

ಪುಟ್ಟೀ, ಬ್ಯಾಟ್‌ಮನ್ ಕಥೆಗಳ ಖಳ ಜೋಕರನಿಗೆ ಕರುಳು ಚುರುಕ್ಕೆನ್ನಿಸುವಂಥ ಪೂರ್ವಕಥೆ ಒಪ್ಪುತ್ತದೆಯೇ ಎಂದು ಕೇಳಿದ್ದೀಯ. ನನ್ನ ಮಟ್ಟಿಗೆ ಒಪ್ಪುವುದಿಲ್ಲ. ಯಾಕೆ ಎಂದು ಹೇಳುತ್ತೇನೆ, ಸಾವಧಾನವಾಗಿ ಕೇಳು. ನೀನೀಗ ನಿನ್ನದೇ ಒಂದು ಕಾಮಿಕ್ಸ್ ಬರೆಯಲು ಕೂತಿದ್ದೀಯ, ನಿನ್ನ ಖಳನಿಗೂ ಒಂದು ನೊಂದ ಬಾಲ್ಯ ಕೊಡಲು ಹೊರಟಿದ್ದೀಯ. ಅದಕ್ಕೇ ಈ ಮಾತು ನಿನಗೆ ಬೇಕು ಅನ್ನಿಸಿತು.

2019ರ ‘ಜೋಕರ್’ ಸಿನಿಮಾ ನೋಡಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಎಂದೆ. ಹೇಗೆ ಬಂದೀತು? ಬಸ್ಸಿನಲ್ಲಿ ಮುಂದಿನ ಸೀಟಿನ ಮಗುವನ್ನು, ಮುಂದೆ ಜೋಕರನಾಗುವ ಆರ್ಥರ್ ಫ್ಲೆಕ್ ಮುಖ ಸೊಟ್ಟ ಮಾಡಿ ನಗಿಸುತ್ತಾನೆ. ತಾಯಿ ಗದರುತ್ತಾಳೆ. ಅವನಿಗೆ ನಗು ಉಕ್ಕಿ ಬರುತ್ತದೆ, ತಡೆಯಲು ಆಗುವುದಿಲ್ಲ. ಉಸಿರುಗಟ್ಟುತ್ತಲೇ ಒಂದು ಕಾರ್ಡ್ ತೆಗೆದು ಅವಳ ಕೈಗೆ ಕೊಡುತ್ತಾನೆ. ಇದೊಂದು ಕಾಯಿಲೆ, ಕ್ಷಮಿಸಿ ಎಂದು ಅದರಲ್ಲಿ ಬರೆದಿದೆ. ಆಮೇಲೆ ನಗರಾಡಳಿತ ಹಣ ನಿಲ್ಲಿಸುತ್ತದೆ, ಅವನ ಮಾತು ಕೇಳುತ್ತಿದ್ದ ಒಂದು ಕಚೇರಿಯೂ ಮುಚ್ಚುತ್ತದೆ, ಮಾತ್ರೆಯೂ ನಿಲ್ಲುತ್ತದೆ. ಆರ್ಥರನ ಪಾತ್ರ ಮಾಡಿದ ವಾಕಿನ್ ಫೀನಿಕ್ಸ್‌ಗೆ ಆಸ್ಕರ್ ಬಂದದ್ದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಅಂಥ ನಟನೆ ದಿನಾ ಕಾಣಸಿಗುವುದಲ್ಲ.

ಆದರೆ ಅದೇ ಸಿನಿಮಾದಲ್ಲಿ ಸಾಯುವವರು ಯಾರು ಯಾರು ಎಂದು ಇನ್ನೊಮ್ಮೆ ನೋಡು. ರೈಲಿನಲ್ಲಿ ಕುಡಿದು ಹೆಣ್ಣೊಬ್ಬಳನ್ನು ಪೀಡಿಸುವ ಮೂವರು ಶೋಕಿವಾಲರು, ಬೆನ್ನಿಗೆ ಚೂರಿ ಹಾಕಿದ ಸಹೋದ್ಯೋಗಿ, ಮಗನಿಗೆ ಚಿತ್ರಹಿಂಸೆಯಾಗುವಾಗ ಸುಮ್ಮನಿದ್ದ ತಾಯಿ, ಟೀವಿಯಲ್ಲಿ ಅವನನ್ನು ಗೇಲಿ ಮಾಡಿದ ನಿರೂಪಕ. ಸತ್ತರೆ ಸಾಯಲಿ ಬಿಡು ಅನ್ನಿಸುವಂಥವರನ್ನೇ ಆರಿಸಿ ಆರಿಸಿ ಅವನೆದುರು ನಿಲ್ಲಿಸಿದ್ದಾರೆ. ನಮ್ಮ ಅನುಕಂಪವನ್ನು ಕಥೆಗಾರ ಗಿಟ್ಟಿಸಿಕೊಳ್ಳುವುದು ಹೀಗೆ. ಇದು ಕಸುಬಿನ ಗುಟ್ಟು, ನಿನಗೆ ಗೊತ್ತಿರಲಿ.

ಒಬ್ಬನೇ ಒಬ್ಬ ಈ ಲೆಕ್ಕದಿಂದ ಹೊರಗಿದ್ದಾನೆ. ಗಿಡ್ಡ ದೇಹದ ಗ್ಯಾರಿ. ಕಣ್ಣೆದುರೇ ಆ ಸಹೋದ್ಯೋಗಿಯ ಕೊಲೆ ನೋಡಿದ ಅವನನ್ನು ಆರ್ಥರ್ ಬಿಟ್ಟುಬಿಡುತ್ತಾನೆ, ನೀನೊಬ್ಬನೇ ನನ್ನ ಜೊತೆ ಚೆನ್ನಾಗಿದ್ದೆ ಎನ್ನುತ್ತಾನೆ. ಬಾಗಿಲ ಮೇಲಿನ ಚಿಲಕ ಗ್ಯಾರಿಯ ಕೈಗೆ ಎಟಕುವುದಿಲ್ಲ. ಈಗಷ್ಟೇ ಕೊಂದವನನ್ನೇ ಚಿಲಕ ತೆಗೆದುಕೊಡು ಎಂದು ಬೇಡಬೇಕು. ಥಿಯೇಟರಿನಲ್ಲಿ ಅಲ್ಲಿ ನಗು ಕೇಳಿಸಿತು, ನನಗೆ ಕೈಕಾಲು ತಣ್ಣಗಾಯಿತು. 2024ರಲ್ಲಿ ಬಂದ ಎರಡನೇ ಸಿನಿಮಾವನ್ನು ಜನ ತಿರಸ್ಕರಿಸಿದರು, ಅದರಲ್ಲಿ ಕುಂದುಗಳು ಇದ್ದದ್ದೂ ನಿಜ. ಆದರೂ ಅದು ಒಂದು ಒಳ್ಳೆಯ ಕೆಲಸ ಮಾಡಿತು: ಗ್ಯಾರಿಯನ್ನು ಕೋರ್ಟಿನ ಕಟಕಟೆಗೆ ಕರೆಸಿತು. ಅಂದಿನಿಂದ ತನ್ನ ಬದುಕು ಏನಾಯಿತು ಎಂದು ಅವನು ನಡುಗುತ್ತ ಹೇಳುತ್ತಾನೆ. ಮೊದಲ ಸಿನಿಮಾದಲ್ಲೇ ಈ ಸಾಕ್ಷಿ ಕೇಳಿಸಿದ್ದರೆ ನಮ್ಮಲ್ಲಿ ಎಷ್ಟು ಜನ ಆರ್ಥರನ ಮೆಟ್ಟಿಲ ಮೇಲಿನ ಕುಣಿತಕ್ಕೆ ಚಪ್ಪಾಳೆ ಹೊಡೆಯುತ್ತಿದ್ದೆವು?

ಮೊದಮೊದಲು ಜೋಕರನಿಗೆ ಹಿಂದುಮುಂದು ಏನೂ ಇರಲಿಲ್ಲ. 1940ರಲ್ಲಿ ‘ಬ್ಯಾಟ್‌ಮನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಅವನು ಕಾಣಿಸಿಕೊಂಡಾಗ ರೇಡಿಯೋದಲ್ಲಿ ಇಂಥವನನ್ನು ಇಷ್ಟು ಹೊತ್ತಿಗೆ ಕೊಲ್ಲುತ್ತೇನೆ ಎಂದು ಮುಂಚೆಯೇ ಸಾರಿ, ಹಾಗೆಯೇ ಕೊಲ್ಲುತ್ತಾನೆ. ಹೆಣದ ಮುಖದಲ್ಲಿ ನಗು ಉಳಿಯುತ್ತದೆ. ಹನ್ನೊಂದು ವರ್ಷ ಯಾರೂ ಅವನ ಪೂರ್ವಾಪರ ಬರೆಯಲಿಲ್ಲ. 1951ರಲ್ಲಿ ಬಿಲ್ ಫಿಂಗರ್ ಬರೆದದ್ದೂ ಇಷ್ಟೇ: ಕೆಂಪು ಮುಸುಕಿನ ಕಳ್ಳನೊಬ್ಬ ರಾಸಾಯನಿಕದಲ್ಲಿ ಈಜಿ ತಪ್ಪಿಸಿಕೊಂಡ, ಮುಖ ಬಿಳಿಚಿತು, ಕೂದಲು ಹಸಿರಾಯಿತು. ಬಣ್ಣ ಬಂದದ್ದು ಹೇಗೆ ಎಂದು ಹೇಳಿದರು. ಕ್ರೌರ್ಯ ಬಂದದ್ದು ಎಲ್ಲಿಂದ ಎಂದು ಹೇಳಲಿಲ್ಲ.

2008ರ ‘ದ ಡಾರ್ಕ್ ನೈಟ್’ನಲ್ಲಿ ಹೀತ್ ಲೆಜರ್‌ನ ಜೋಕರ್ ತನ್ನ ಬಾಯಿಯ ಗಾಯಕ್ಕೆ ಒಮ್ಮೆ ಕುಡುಕ ತಂದೆಯ ಕಥೆ ಹೇಳುತ್ತಾನೆ, ಇನ್ನೊಮ್ಮೆ ಹೆಂಡತಿಯ ಕಥೆ. ಎರಡು ಸಲವೂ ಎದುರಿಗಿದ್ದವರ ಮುಖದ ಹತ್ತಿರ ಚೂರಿ ಇರುತ್ತದೆ. ಇಂಥ ಕಟ್ಟುಕಥೆಯ ಆಟವನ್ನು ಇದಕ್ಕಿಂತ ಚೆನ್ನಾಗಿ ಬರೆದದ್ದು ಪಾಲ್ ಡೀನಿ ಮತ್ತು ಬ್ರೂಸ್ ಟಿಮ್, 1994ರ ‘ಮ್ಯಾಡ್ ಲವ್’ ಕಾಮಿಕ್ಸ್‌ನಲ್ಲಿ. ನೀನು ಓದಲೇಬೇಕಾದದ್ದು ಅದು. ಹಾರ್ಲೀನ್ ಕ್ವಿನ್ಜೆಲ್ ಅರ್ಕಮ್ ಆಸ್ಪತ್ರೆಯ ಯುವ ಮನೋವೈದ್ಯೆ. ಜೋಕರ್ ಮಂಚದ ಮೇಲೆ ಮಲಗಿ ತನ್ನ ಬಾಲ್ಯ ಹೇಳುತ್ತಾನೆ: ಹೊಡೆಯುತ್ತಿದ್ದ ಅಪ್ಪ, ಆ ಅಪ್ಪ ಒಮ್ಮೆ ಮಾತ್ರ ಸರ್ಕಸ್ಸಿನಲ್ಲಿ ಮನಸಾರೆ ನಕ್ಕದ್ದು, ಮತ್ತೆ ನಗಿಸಲು ಹೋದ ಮಗನಿಗೆ ಬಿದ್ದ ಪೆಟ್ಟು. ಅವಳ ಎದೆ ಕರಗುತ್ತದೆ. ಓದು, ನೌಕರಿ, ಹೆಸರು ಎಲ್ಲವನ್ನೂ ಬಿಟ್ಟು ಅವನ ಹಿಂದೆ ಹೋಗಿ ಹಾರ್ಲಿ ಕ್ವಿನ್ ಆಗುತ್ತಾಳೆ. ಕೊನೆಗೆ ಬ್ಯಾಟ್‌ಮನ್ ಅವಳಿಗೆ ಹೇಳುತ್ತಾನೆ, ಇದೇ ಕಥೆಯನ್ನು ಇನ್ನೊಬ್ಬ ಅಧಿಕಾರಿಗೂ ಹೇಳಿದ್ದ, ಅಲ್ಲಿ ಅಪ್ಪ ಕರೆದುಕೊಂಡು ಹೋದದ್ದು ಐಸ್ ಷೋಗೆ. ಸರ್ಕಸ್ಸು, ನನಗೆ ಸರ್ಕಸ್ಸು ಎಂದಿದ್ದ ಎಂದು ಅವಳು ತೊದಲುತ್ತಾಳೆ. ಆ ಒಂದು ಚೌಕದಲ್ಲಿ ಅವಳ ಮುಖ ನೋಡು.

ಮಗೂ, ಇಲ್ಲಿ ನಾನು ಕಾಮಿಕ್ಸ್ ಬಿಟ್ಟು ಒಂದು ಮಾತು ಹೇಳಲೇಬೇಕು. ನಿನಗೆ ಇಪ್ಪತ್ತರ ಆಚೀಚೆ ವಯಸ್ಸು. ತಮ್ಮ ನೋವನ್ನು ತೋರಿಸಿ ನಿನ್ನನ್ನು ಕಟ್ಟಿಹಾಕಲು ಬರುವವರು ಸಿಗುತ್ತಾರೆ. ಹೊಡೆದ ಮೇಲೆ ಅಪ್ಪನ ಕಥೆ ಹೇಳಿ ಅಳುವವರೂ ಸಿಗುತ್ತಾರೆ. ಕಥೆ ನಿಜವೇ ಇರಬಹುದು. ಕನಿಕರ ಪಡು, ಆದರೆ ಬಾಗಿಲ ಹತ್ತಿರವೇ ಕೂತು ಕೇಳು. ನಮ್ಮ ವಯಸ್ಸಿನ ಎಷ್ಟೋ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಲಿಲ್ಲ.

ಅಲನ್ ಮೂರ್ ಬರೆದು ಬ್ರಯಾನ್ ಬೋಲಂಡ್ ಚಿತ್ರಿಸಿದ 1988ರ ‘ದ ಕಿಲ್ಲಿಂಗ್ ಜೋಕ್’ ಹಿಡಿದುಕೊಂಡು ನೀನು ವಾದಿಸಿದ್ದೆ. ನಗಿಸಲಾಗದ ಬಡ ಹಾಸ್ಯಗಾರ, ಬಸುರಿ ಹೆಂಡತಿಯ ಸಾವು, ಒಂದೇ ದಿನದಲ್ಲಿ ಕುಸಿದ ಬಾಳು. ಆದರೆ ತನ್ನ ಹಿಂದಿನದು ತನಗೇ ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತದೆ ಎಂದು ಜೋಕರನೇ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಒಂದು ಕೆಟ್ಟ ದಿನ ಸಾಕು, ಯಾರಾದರೂ ನನ್ನಂತಾಗುತ್ತಾರೆ ಎಂಬುದು ಅವನ ವಾದ. ಅದನ್ನು ಸಾಧಿಸಲು ಕಮಿಷನರ್ ಗಾರ್ಡನ್ ಅವರ ಮಗಳು ಬಾರ್ಬರಾಗೆ ಮನೆ ಬಾಗಿಲಲ್ಲೇ ಗುಂಡು ಹೊಡೆಯುತ್ತಾನೆ, ತಂದೆಗೆ ಇನ್ನಿಲ್ಲದ ಹಿಂಸೆ ಕೊಡುತ್ತಾನೆ. ಗಾರ್ಡನ್ ಕೆಡುವುದಿಲ್ಲ. ಜೋಕರನನ್ನು ಕಾನೂನು ಪ್ರಕಾರವೇ ಹಿಡಿಯಬೇಕು ಎಂದು ಪಟ್ಟು ಹಿಡಿಯುತ್ತಾರೆ. ಇನ್ನು ಬಾರ್ಬರಾ? ಸೊಂಟದ ಕೆಳಗೆ ಸ್ವಾಧೀನ ಹೋಗಿ ಗಾಲಿಕುರ್ಚಿ ಹತ್ತಿದ ಆ ಹುಡುಗಿಯನ್ನು ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್ ಕೈಬಿಡಲಿಲ್ಲ. 1989ರಲ್ಲಿ ಅವಳು ಕಂಪ್ಯೂಟರಿನ ಮುಂದೆ ಕೂತು ಇತರರಿಗೆ ದಾರಿ ತೋರಿಸುವ ಒರಾಕಲ್ ಆಗಿ ಮತ್ತೆ ಬಂದಳು. ಜೋಕರನಿಗೆ ಬಂದಷ್ಟೇ ಕೆಟ್ಟ ದಿನ ಅವಳಿಗೂ ಬಂದಿತ್ತು. ಅವನ ಅಳಲು ಓದುವಾಗಲೆಲ್ಲ ನನಗೆ ಅವಳ ನೆನಪಾಗುತ್ತದೆ. ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗಿಕೊಂಡು, ಸಂಸಾರ ನಡೆಸಿಕೊಂಡು, ಯಾರಿಗೂ ಕೇಡು ಬಯಸದೆ ಬದುಕುವ ಸಾವಿರಾರು ಜನರ ನೆನಪೂ ಆಗುತ್ತದೆ. ಕಾಯಿಲೆಯಿಂದ ಕೊಲೆಗಾರನಾದ ಎಂದು ಸಲೀಸಾಗಿ ಬರೆದರೆ ಜನ ಗುಮಾನಿಯಿಂದ ನೋಡುವುದು ಇವರನ್ನು.

ಎಲ್ಲ ಖಳರಿಗೂ ಇದೇ ಮಾತು ಅನ್ವಯಿಸುವುದಿಲ್ಲ. 1959ರಲ್ಲಿ ಮಿಸ್ಟರ್ ಝೀರೊ ಎಂಬ ಹೆಸರಿನಲ್ಲಿ ಬಂದ ಮಂಜಿನ ಕಳ್ಳ ಬರೀ ಒಂದು ಗಿಮಿಕ್ ಆಗಿದ್ದ. 1992ರ ಬ್ಯಾಟ್‌ಮನ್ ಕಾರ್ಟೂನಿನಲ್ಲಿ ಅದೇ ಪಾಲ್ ಡೀನಿ ಅವನಿಗೆ ಕಾಯಿಲೆಯ ಹೆಂಡತಿ ನೋರಾಳನ್ನು ಕೊಟ್ಟರು, ಅವಳ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಿದ ಧಣಿಯನ್ನು ಕೊಟ್ಟರು. ಮಿಸ್ಟರ್ ಫ್ರೀಜ್ ಎಂದಾದ ಅವನಿಗೆ ಜೀವ ಬಂತು. ಅವನ ಪ್ರತಿ ಹೆಜ್ಜೆಯೂ ಆ ಹೆಂಡತಿಯ ಕಡೆಗೇ ಇಡುವ ಹೆಜ್ಜೆ, ಅದಕ್ಕೇ ಆ ಕಥೆ ಅವನಿಗೆ ಒಗ್ಗಿತು. ನಮ್ಮ ಕವಿ ನಾಗಚಂದ್ರನ ರಾವಣನೂ ಹಾಗೆಯೇ: ವ್ರತ ಹಿಡಿದವನು, ಒಂದೇ ಮೋಹಕ್ಕೆ ಜಾರಿದವನು, ಕೊನೆಗೆ ಪಶ್ಚಾತ್ತಾಪದಿಂದ ಬೆಂದವನು. ಇವರಿಗೆ ಕಳೆದುಕೊಳ್ಳಲು ಏನೋ ಇತ್ತು. ಜೋಕರನಿಗೆ ಏನು ಬೇಕು ಎಂದು ಕೇಳಿನೋಡು, ಉತ್ತರ ಸಿಗುವುದಿಲ್ಲ.

ನಿನ್ನ ಖಳನ ಬಾಲ್ಯಕ್ಕೆ ನಾಲ್ಕು ಪುಟ ತೆಗೆದಿಟ್ಟಿದ್ದೀಯಲ್ಲ, ಅವನ್ನು ಹರಿದು ಹಾಕು ಎನ್ನುವುದಿಲ್ಲ. ಅದಕ್ಕೆ ಮುಂಚೆ ಮೂರನೇ ಅಧ್ಯಾಯದಲ್ಲಿ ಅವನ ಕೈಯಲ್ಲಿ ಸಾಯುವ ಗೋದಾಮಿನ ಕಾವಲುಗಾರನಿಗೆ ಒಂದು ಪುಟ ಬರೆ. ಈಗ ಅವನಿಗೆ ಹೆಸರೂ ಇಲ್ಲ. ಹೆಸರಿಡು, ಬುತ್ತಿಯಲ್ಲಿ ಏನು ತಂದಿದ್ದ ಎಂದು ಬರೆ, ಬೆಳಗ್ಗೆ ಯಾರು ಅವನ ದಾರಿ ಕಾದರು ಎಂದು ಬರೆ. ಆಮೇಲೆ ಖಳನ ನಾಲ್ಕು ಪುಟ ಮತ್ತೆ ಓದು. ಆಗಲೂ ಅವು ಬೇಕು ಅನ್ನಿಸಿದರೆ ಧಾರಾಳವಾಗಿ ಇಟ್ಟುಕೋ, ನಾನು ಅಡ್ಡ ಬರುವುದಿಲ್ಲ. ಎರಡನ್ನೂ ಒಟ್ಟಿಗೇ ಕಳಿಸು, ಓದುತ್ತೇನೆ.