ಫಿಲ್ಟರ್ ನೀರಿನಲ್ಲಿ ಲೆನ್ಸ್ ನೆನೆಸಿಡಬಹುದೇ?

ಪ್ರಶ್ನೆ: ನಾನು ಮುಳಬಾಗಿಲಿನವಳು, ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಇತ್ತೀಚೆಗೆ ಕನ್ನಡಕ ಬಿಟ್ಟು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದೇನೆ. ಸೊಲ್ಯೂಷನ್ ಮುಗಿದಾಗ ನಮ್ಮೂರಿನ ಶುದ್ಧ ನೀರಿನ ಘಟಕದ ನೀರಿನಲ್ಲಿ ಲೆನ್ಸ್ ಇಡಬಹುದೇ? ಅದು ಬೋರ್‌ವೆಲ್ ನೀರಲ್ಲವಲ್ಲ? ಬಸ್ಸಿನಲ್ಲಿ ನಿದ್ದೆ ಹೋದರೆ ತೊಂದರೆಯಾಗುತ್ತದೆಯೇ?

ಉತ್ತರ: ಫಿಲ್ಟರ್ ನೀರಿನಲ್ಲಿ ಲೆನ್ಸ್ ಇಡಬಾರದು, ತೊಳೆಯಲೂಬಾರದು. ಒಂದು ರಾತ್ರಿಯ ಮಟ್ಟಿಗೂ ಬೇಡ.

ನಿಮ್ಮ ಸಂಶಯ ಸಹಜವೇ. ಕೋಲಾರ ಜಿಲ್ಲೆಯಲ್ಲಿ ಕೊಳವೆಬಾವಿಗಳು ಆಳಕ್ಕೆ ಹೋದಂತೆ ಫ್ಲೋರೈಡಿನ ಕಾಟ ಕಂಡಿದ್ದೇವೆ. ಅದಕ್ಕೇ ಊರೂರಿಗೆ ಘಟಕಗಳು ಬಂದವು, ‘ಶುದ್ಧ ನೀರು’ ಎಂದರೆ ಅದೇ ಎಂಬ ನಂಬಿಕೆಯೂ ಬೆಳೆಯಿತು. ಕುಡಿಯುವುದಕ್ಕೆ ಆ ನಂಬಿಕೆ ಸರಿ. ಆದರೆ ಹೊಟ್ಟೆಗೆ ಸಾಕಾಗುವಷ್ಟು ಶುದ್ಧವಾದ ನೀರು ಕಣ್ಣಿನ ಲೆನ್ಸಿಗೆ ಸಾಲದು. ಹೊಟ್ಟೆಯೊಳಗೆ ಆಮ್ಲವಿದೆ, ಅದು ಎಷ್ಟೋ ಜೀವಾಣುಗಳನ್ನು ಕೊಲ್ಲುತ್ತದೆ. ಲೆನ್ಸಾದರೋ ದಿನವಿಡೀ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ, ಅಂದರೆ ಕಾರ್ನಿಯಾಕ್ಕೆ, ಅಂಟಿಕೊಂಡೇ ಇರುತ್ತದೆ.

ಮುಖ್ಯ ಭಯ ಅಕಾಂತಮೀಬಾ ಎಂಬ ಏಕಕೋಶ ಜೀವಿಯದು. ಮಣ್ಣಿನಲ್ಲಿ, ಧೂಳಿನಲ್ಲಿ, ನಲ್ಲಿ ನೀರಿನಲ್ಲಿ, ಓವರ್‌ಹೆಡ್ ಟ್ಯಾಂಕಿನಲ್ಲಿ ಎಲ್ಲೆಡೆಯೂ ಇರುತ್ತದೆ. ಪರಿಸ್ಥಿತಿ ಕೆಟ್ಟಾಗ ಎರಡು ಪದರದ ಗಟ್ಟಿ ಕವಚ ಕಟ್ಟಿಕೊಂಡು ಕೂರುವುದರಿಂದ ಕ್ಲೋರಿನ್ನಿಗೂ ಸುಲಭವಾಗಿ ಬಗ್ಗುವುದಿಲ್ಲ. ಘಟಕದ ಯಂತ್ರ ಅದನ್ನು ಸೋಸಿದರೂ, ನೀರು ಅಲ್ಲಿನ ಟ್ಯಾಂಕಿನಿಂದ ನಿಮ್ಮ ಕ್ಯಾನಿಗೆ, ಕ್ಯಾನಿನಿಂದ ಬಿಂದಿಗೆಗೆ, ಬಿಂದಿಗೆಯಿಂದ ಲೋಟಕ್ಕೆ ಬರುವಷ್ಟರಲ್ಲಿ ಮತ್ತೆ ಸೇರಿಕೊಳ್ಳಲು ಅವಕಾಶ ಬೇಕಾದಷ್ಟಿದೆ. ಈ ಸೋಂಕು ಕಾರ್ನಿಯಾಕ್ಕೆ ತಗುಲಿದರೆ ವಿಪರೀತ ನೋವು, ತಿಂಗಳುಗಟ್ಟಲೆ ಔಷಧಿ. ಕೆಲವರಿಗೆ ಕಾರ್ನಿಯಾ ಬದಲಾಯಿಸಬೇಕಾಗುತ್ತದೆ.

ಇನ್ನೊಂದು ಕಾರಣವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನಮ್ಮ ಕಣ್ಣೀರು ಉಪ್ಪು. ಲೀಟರಿಗೆ ಸುಮಾರು 9 ಗ್ರಾಂ ಉಪ್ಪು ಕರಗಿಸಿದ ನೀರಿಗೆ ಸಮ. ಮೆತ್ತನೆಯ ಲೆನ್ಸ್ ತಯಾರಾಗಿರುವುದು ಆ ಉಪ್ಪಿಗೆ ಹೊಂದುವಂತೆ. ಲವಣವಿಲ್ಲದ ನೀರಿನಲ್ಲಿ ಇಟ್ಟರೆ ಅದು ನೀರು ಹೀರಿ ಉಬ್ಬುತ್ತದೆ, ಆಕಾರ ಬದಲಾಗುತ್ತದೆ, ಕಣ್ಣಿಗೆ ಹಾಕಿದಾಗ ಬಿಗಿಯಾಗಿ ಅಂಟಿಕೊಂಡು ಕಾರ್ನಿಯಾವನ್ನು ಗೀರಬಹುದು. ಫಿಲ್ಟರ್ ಘಟಕ ಫ್ಲೋರೈಡಿನ ಜೊತೆಗೆ ಉಳಿದ ಲವಣವನ್ನೂ ತೆಗೆಯುತ್ತದೆ. ಆದ್ದರಿಂದ ಈ ಲೆಕ್ಕದಲ್ಲಿ ಅದು ಬೋರ್‌ವೆಲ್ ನೀರಿಗಿಂತ ಮೇಲೇನಲ್ಲ.

ಹಾಗಾದರೆ ಮನೆಯಲ್ಲೇ ನೀರು ಕಾಯಿಸಿ ಉಪ್ಪು ಹಾಕೋಣವೇ ಎಂದು ನೀವು ಕೇಳಬಹುದು. ಬೇಡ. 1980ರ ದಶಕದಲ್ಲಿ ಅಮೆರಿಕದಲ್ಲಿ ಹೀಗೆ ಮನೆಯಲ್ಲಿ ಉಪ್ಪುನೀರು ಮಾಡಿಕೊಂಡ ಲೆನ್ಸ್ ಬಳಕೆದಾರರಲ್ಲೇ ಅಕಾಂತಮೀಬಾ ಸೋಂಕು ಎದ್ದು ಕಾಣಿಸಿತು. ಮೆಡಿಕಲ್ ಸ್ಟೋರಿನ ಸಲೈನ್ ಕೂಡ ತೊಳೆಯುವುದಕ್ಕಷ್ಟೇ, ಜೀವಾಣುಗಳನ್ನು ಕೊಲ್ಲುವುದಿಲ್ಲ. ಬೇಕಾದದ್ದು ಲೆನ್ಸಿಗೆಂದೇ ಮಾಡಿದ ಸೊಲ್ಯೂಷನ್. ಅದನ್ನೂ ದಿನಾ ಚೆಲ್ಲಿ ಹೊಸದು ತುಂಬಬೇಕು. ಲೆನ್ಸ್ ಇಡುವ ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ.

ಬಸ್ಸಿನ ನಿದ್ದೆಯ ವಿಷಯ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗಿ ಗಾಳಿಯಿಂದಲೇ ಸಿಗಬೇಕು. ಮೇಲೆ ಲೆನ್ಸ್, ಅದರ ಮೇಲೆ ಮುಚ್ಚಿದ ರೆಪ್ಪೆ ಇದ್ದರೆ ಗಾಳಿ ಸಾಲದು, ಸೋಂಕಿನ ಸಾಧ್ಯತೆ ಹಲವು ಪಟ್ಟು ಏರುತ್ತದೆ. ದಿನಾ ನಿದ್ದೆ ಹೋಗುವವರಾದರೆ ಹೋಗುವಾಗ ಕನ್ನಡಕ ಹಾಕಿಕೊಳ್ಳಿ, ಕಾರ್ಖಾನೆ ತಲುಪಿ ಕೈ ತೊಳೆದು, ಒಣಗಿಸಿಕೊಂಡು ಲೆನ್ಸ್ ಹಾಕಿ. ಲೆನ್ಸ್ ಕಣ್ಣಿನ ಹಿಂದಕ್ಕೆ ಜಾರಿಹೋಗುತ್ತದೆಂಬ ಹೆದರಿಕೆ ಮಾತ್ರ ಬೇಡ. ಅಲ್ಲಿಗೆ ದಾರಿಯೇ ಇಲ್ಲ.

ನೀರು ಬೇಡ ಎಂದೆನಲ್ಲ, ಅದಕ್ಕೊಂದು ಅಪವಾದವಿದೆ. ಶ್ರೀನಿವಾಸಪುರದ ಮಾವಿನ ತೋಟದಲ್ಲೋ ಟೊಮೆಟೊ ಹೊಲದಲ್ಲೋ ಔಷಧಿ ಹೊಡೆಯುವಾಗ ಕಣ್ಣಿಗೆ ಸಿಡಿದರೆ, ಸುಣ್ಣ ಬಿದ್ದರೆ, ಸೊಲ್ಯೂಷನ್ ಹುಡುಕುತ್ತಾ ನಿಲ್ಲಬಾರದು. ಕೈಗೆ ಸಿಕ್ಕ ಒಳ್ಳೆಯ ನೀರನ್ನು ತಕ್ಷಣ ಹರಿಸಿ, ಹರಿಸುತ್ತಲೇ ಲೆನ್ಸ್ ತೆಗೆದು, ಕನಿಷ್ಠ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಓಡಬೇಕು. ಆ ಲೆನ್ಸನ್ನು ಎಸೆಯಿರಿ. ಮಾಲೂರಿನ ಇಟ್ಟಿಗೆ ಗೂಡುಗಳಂಥ ಧೂಳಿನ ಜಾಗದಲ್ಲಿ ಕೆಲಸವಿದ್ದರೆ ಲೆನ್ಸಿಗಿಂತ ಕನ್ನಡಕವೇ ಮೇಲು.

ಕಣ್ಣು ಕೆಂಪಾಗಿ ನೋವಿದ್ದರೆ, ಬೆಳಕು ಸಹಿಸಲಾಗದಿದ್ದರೆ, ದೃಷ್ಟಿ ಮಂಜಾದರೆ, ಲೆನ್ಸ್ ತೆಗೆದು ಅಂದೇ ಕಣ್ಣಿನ ವೈದ್ಯರನ್ನು ಕಾಣಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಜಾಲಪ್ಪ ಆಸ್ಪತ್ರೆ ನಿಮಗೆ ದೂರವೇನಲ್ಲ. ಅಂಗಡಿಯಲ್ಲಿ ಕೇಳಿ ಡ್ರಾಪ್ಸ್ ತರಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಸೋಂಕು ಮರೆಮಾಚಿಕೊಂಡು ಬೆಳೆಯುತ್ತದೆ.

ಹಳೆಯ ಕನ್ನಡಕವನ್ನು ಎಸೆದಿಲ್ಲ ತಾನೇ? ಅದರ ನಂಬರ್ ಹಳತಾಗಿದ್ದರೆ ಪರೀಕ್ಷೆ ಮಾಡಿಸಿ, ಗಾಜು ಬದಲಿಸಿಟ್ಟುಕೊಳ್ಳಿ. ಸೊಲ್ಯೂಷನ್ ಮುಗಿದ ದಿನ ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗಿ.