ಅಪ್ಪನ ಕಣ್ಣಿಗೆ ಒಂದು ಹನಿ

ಪ್ರಶ್ನೆ: ಅಕ್ಕಾವ್ರೇ, ನಮ್ಮೂರು ತಿಕೋಟಾ. ದ್ರಾಕ್ಷಿ ತೋಟ ಐತಿ. ಮನಿಕೆಲಸ ಮುಗದ ಮ್ಯಾಲೆ ಪಾಲಿಮರ್ ಕ್ಲೇದಾಗ ಗೊಂಬಿ ಮಾಡ್ತೀನಿ, ಮೊಬೈಲ್‌ನ್ಯಾಗ ನೋಡಿ ಕಲ್ತದ್ದು. ನಮ್ಮಪ್ಪ ತೀರ್ಕೊಂಡು ಇನ್ನೆರಡು ತಿಂಗಳಿಗೆ ವರ್ಷ ಆಗ್ತೈತಿ. ಪಟಗಾ ಸುತ್ಕೊಂಡು ಕಟ್ಟಿ ಮ್ಯಾಲೆ ಕೂತಂಗ ಅವರದೊಂದು ಮೂರ್ತಿ ಮಾಡೀನಿ. ಬಾಜೂಕ ಒಂದು ಖಿಲಾರಿ ಎತ್ತು ಮಾಡಬೇಕಂತೀನಿ. ಮುಖ ಛಲೋ ಬಂದೈತಿ, ಆದ್ರ ಕಣ್ಣು ಬರವಲ್ದು. ಮದಲ ಬಿಳಿ ಕ್ಲೇ ಮ್ಯಾಲೆ ಕರಿ ಬಣ್ಣ ಹಚ್ಚಿದೆ, ಸುಣ್ಣದ ಗ್ವಾಡಿಗೆ ಡಾಂಬರ್ ಹಚ್ಚಿದಂಗ ಕಾಣ್ತು. ಹೊಳೀಲಿ ಅಂತ ನೇಲ್ ಪಾಲಿಶ್ ಹಚ್ಚಿದೆ, ಹದಿನೈದು ದಿನ ಆದ್ರೂ ಅಂಟಂಟ ಐತಿ, ಧೂಳೆಲ್ಲಾ ಕೂತೈತಿ. ಪ್ಲಾಸ್ಟಿಕ್ ಕಣ್ಣು ಹಚ್ಚಿ ಇನ್ನೊಂದು ಗೊಂಬಿ ಓವನ್‌ನ್ಯಾಗ ಇಟ್ರ ಕಣ್ಣು ಕರಗಿ ಮುದ್ದಿ ಆದ್ವು. ನಮ್ಮವ್ವ ನೋಡಿ “ಇವ್ರು ನಮ್ಮ ಮನ್ಯಾವ್ರಲ್ಲ” ಅಂತ ಮುಖ ತಿರುವಿದ್ಲು. ಬಬಲೇಶ್ವರದಾಗಿರೋ ಅಣ್ಣ “ಫೋಟೋ ಇಡೂಣು, ಇದೆಲ್ಲ ಯಾಕ ಬೇಕು” ಅಂತಾನ. ಕಾಜಿನಂಥ ಕಣ್ಣು ಹೆಂಗ ಮಾಡೂದು? ಇಲ್ಲಾ, ಮಾಡೂದೇ ತಪ್ಪೇನು?
ಹೆಸರು ಬ್ಯಾಡ, ತಿಕೋಟಾ

ಉತ್ತರ: ತಂಗೆವ್ವಾ, ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ‘ನೀನು’ ಅಂತಲೇ ಬರೆಯುತ್ತೇನೆ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ತಪ್ಪಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಹೀಗೆ ಮಣ್ಣು ಕಲಸುತ್ತಲೇ ಬೆಳೆದ ಸೀಮೆ ನಮ್ಮದು. ನೀನೂ ಸಣ್ಣಾಕಿ ಇದ್ದಾಗ ಗುಲಗಂಜಿ, ಕುಸುಬಿ ಕಾಳು ಒತ್ತಿ ಗುಳ್ಳವ್ವನನ್ನು ಸಿಂಗರಿಸಿರಬೇಕು. ಗುಲಗಂಜಿಯ ಕರಿ ಚುಕ್ಕೆ ತಾನೇ ಕಣ್ಣಿನ ಪಾಪೆಯಾಗುತ್ತದೆ, ನಾವು ಏನೂ ಮಾಡಬೇಕಿಲ್ಲ. (ಅಗಿದರೆ ಅದು ವಿಷ. ಮನೆಯಲ್ಲಿ ಕೂಸುಗಳಿದ್ದರೆ ಎತ್ತಿಡು.) ಆ ಕೆಂಪು ಕಣ್ಣಿನ ಗುಳ್ಳವ್ವನನ್ನು ನೋಡಿ ಯಾರೂ ಬೆಚ್ಚಲಿಲ್ಲ, ಯಾಕಂದರೆ ಆಕೆ ಯಾರ ಹಾಗೂ ಕಾಣಬೇಕಿರಲಿಲ್ಲ. ನಿನ್ನ ಅಪ್ಪನ ಮೂರ್ತಿಯ ಮಾತು ಬೇರೆ. ಮುಖ ಅವರದೇ ಅನ್ನುವಷ್ಟು ಬಂದ ಮೇಲೆ ಕಣ್ಣಿನ ಕೂದಲೆಳೆಯಷ್ಟು ತಪ್ಪೂ ಎದೆಗೆ ಬಡಿಯುತ್ತದೆ. ಮುಖ ಬರದೇ ಹೋಗಿದ್ದರೆ ಅವ್ವ ನಕ್ಕು ಒಳಗೆ ಹೋಗುತ್ತಿದ್ದರು. ತಿರುಗಿಕೊಂಡರಲ್ಲ, ಅದನ್ನು ನಾನು ನಿನ್ನ ಕೈಗೆ ಸಂದ ಮರ್ಯಾದೆ ಅಂತಲೇ ಓದಿಕೊಂಡೆ.

ಈಗ ಕಣ್ಣು ಯಾಕೆ ಸತ್ತಂತೆ ಕಂಡಿತು, ನೋಡೋಣ. ನೀನು ಚಪ್ಪಟೆ ಬಣ್ಣದ ಮೇಲೆ ಹೊಳಪು ಹುಡುಕಿದೆ. ನಿಜವಾದ ಕಣ್ಣಿನಲ್ಲಿ ಬಣ್ಣ ಮೇಲಿಲ್ಲ, ಒಳಗಿದೆ. ಅದರ ಮುಂದೆ ಗುಮ್ಮಟದಂತೆ ಉಬ್ಬಿದ ತಿಳಿ ಪಾರದರ್ಶಕ ಪದರ. ಬೆಳಕು ಆ ಗುಮ್ಮಟದ ಮೇಲೆ ಒಂದು ಚುಕ್ಕೆಯಾಗಿ ನಿಲ್ಲುತ್ತದೆ, ಉಳಿದದ್ದು ಒಳಗಿಳಿದು ಕಂದು ಬಣ್ಣವನ್ನು ಮುಟ್ಟುತ್ತದೆ. ನಾವು ತಲೆ ಅಲುಗಿಸಿದರೆ ಚುಕ್ಕೆಯೂ ಸರಿಯುತ್ತದೆ. ನೋಡುವವರ ಮನಸ್ಸು “ಇದು ನನ್ನನ್ನು ನೋಡುತ್ತಿದೆ” ಅನ್ನುವುದು ಅಷ್ಟಕ್ಕೇ. ಇದು ಹೊಸ ಯುಕ್ತಿಯಲ್ಲ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಕಾಲು ಮಡಚಿ ಕೂತ ಈಜಿಪ್ಟಿನ ಲಿಪಿಕಾರನ ಶಿಲ್ಪವೊಂದಿದೆ, 4 ಸಾವಿರ ವರ್ಷಕ್ಕೂ ಹಳೆಯದು. ಮೈ ಸುಣ್ಣಕಲ್ಲು, ಕಣ್ಣು ಮಾತ್ರ ಸ್ಫಟಿಕ. ಸ್ಫಟಿಕದ ಮುಂಭಾಗವನ್ನು ಉಜ್ಜಿ ಉಬ್ಬಿಸಿ, ಹಿಂಭಾಗಕ್ಕೆ ಬಣ್ಣ ಲೇಪಿಸಿದ್ದಾರೆ. ನೀನು ಮಾಡಬೇಕಾದದ್ದೂ ಅದನ್ನೇ, ಸ್ಫಟಿಕದ ಬದಲು ಒಂದು ಹನಿ ರೆಸಿನ್.

ಆದರೆ ಕೆಲಸಕ್ಕೆ ಕೈ ಹಚ್ಚುವ ಮುಂಚೆ ಒಂದು ಮಾತು. ‘ಕಾಜಿನಂಥ ಕಣ್ಣು’ ಅಂತ ಬರೆದಿದ್ದೀಯಲ್ಲ, ನಿನ್ನ ಅಪ್ಪನ ಕಣ್ಣು ಕಾಜಿನ ಹಾಗಿತ್ತೇ? ಆಯುಷ್ಯವೆಲ್ಲ ಎರೆಹೊಲದ ಬಿಸಿಲಲ್ಲಿ ದುಡಿದವರ ಕಣ್ಣನ್ನು ನೆನಪು ಮಾಡಿಕೋ. ಬಿಳಿಭಾಗ ಹಾಲಿನ ಬಿಳುಪಲ್ಲ, ಹಳೆಯ ಧೋತರದ ಬಣ್ಣ. ಮೂಲೆಯಲ್ಲಿ ಸಣ್ಣ ಕೆಂಪು ನರ. ಮೂಗಿನ ಕಡೆಯಿಂದ ಕರಿಗುಡ್ಡೆಯತ್ತ ಹಬ್ಬಿದ ಮಾಂಸದ ಪೊರೆ ಬಿಸಿಲು-ಗಾಳಿ-ಧೂಳಿನಲ್ಲಿ ದುಡಿದ ಎಷ್ಟೋ ಮಂದಿಗೆ ಇರುತ್ತದೆ. ವಯಸ್ಸಾದವರ ಕರಿಗುಡ್ಡೆಯ ಅಂಚಿಗೆ ಒಂದು ಬೂದು ಬಳೆ ಮೂಡುತ್ತದೆ. ನೀನು ಯೌವನದ ತಿಳಿಗಣ್ಣು ಕೂರಿಸಿದರೆ ಅವ್ವ ಮತ್ತೆ ಮುಖ ತಿರುಗಿಸುತ್ತಾರೆ. ವಿಜಯಪುರಕ್ಕೆ ಸಾಮಾನಿಗೆ ಹೋದಾಗ ಸಿದ್ಧೇಶ್ವರ ಗುಡಿಯ ಹತ್ತಿರ ಅರ್ಧ ತಾಸು ಕೂತು ಮುದುಕರ ಕಣ್ಣು ನೋಡಿ ಬಾ. ಬಹಳಷ್ಟು ಜನ ಕಣ್ಣನ್ನು ಪೂರ್ತಿ ತೆರೆಯುವುದೇ ಇಲ್ಲ, ಬಿಸಿಲಿಗೆ ಕಿರಿದು ಮಾಡಿದ್ದು ಹಾಗೇ ಉಳಿದುಬಿಟ್ಟಿರುತ್ತದೆ. ನಿನ್ನ ಅಪ್ಪನದೂ ಹಾಗಿದ್ದರೆ ನಿನಗೆ ಬೇಕಾದ ಕಣ್ಣು ಒಂದು ಸಣ್ಣ ಸೀಳಿನಷ್ಟೇ.

ಕಣ್ಣಿಗಿಂತ ಅದರ ಸುತ್ತಲಿನ ರೆಪ್ಪೆಯೇ ದೊಡ್ಡದು ಅನ್ನಲು ಒಂದು ಉದಾಹರಣೆ. ಮೈಸೂರಿನ ವಾನ್ ಇಂಗೆನ್ ಮನೆತನದವರು ಇಪ್ಪತ್ತನೇ ಶತಮಾನದ ಬಹುಕಾಲ, ರಾಜಮಹಾರಾಜರು ಹೊಡೆದ ಹುಲಿ, ಚಿರತೆಗಳ ತೊಗಲು ತುಂಬಿ ನಿಲ್ಲಿಸುತ್ತಿದ್ದರು. ಬೇಟೆಯ ಆ ಶೋಕಿ ನನಗೆ ಹಿಡಿಸುವುದಿಲ್ಲ, ಅದಿರಲಿ. ಅವರ ಹುಲಿಗಳ ಗಾಜಿನ ಕಣ್ಣು ಕಿತ್ತು ಅಂಗೈಯಲ್ಲಿಟ್ಟರೆ ಬರೀ ಗೋಲಿ. ಆ ಗದರುವ ನೋಟವೆಲ್ಲ ಕಣ್ಣಿನ ಸುತ್ತ ತೊಗಲನ್ನು ಒತ್ತಿ ಕೂರಿಸಿದ ಕೈಯದು. ಕಣ್ಣಿಗೆ ಒಂದು ದಿನ ಕೊಟ್ಟರೆ ರೆಪ್ಪೆಗೆ ಎರಡು ದಿನ ಕೊಡು ಅನ್ನುವುದು ಇದಕ್ಕೇ.

ಅಳತೆ. ದೊಡ್ಡವರ ಕಣ್ಣುಗುಡ್ಡೆ ಸುಮಾರು 24 ಮಿಲಿಮೀಟರ್, ಕರಿಗುಡ್ಡೆ ಅದರ ಅರ್ಧ. ನಿನ್ನ ಮೂರ್ತಿಯ ತಲೆ ಗಲ್ಲದಿಂದ ನೆತ್ತಿಗೆ ಐದೂವರೆ ಸೆಂಟಿಮೀಟರ್ ಇದ್ದರೆ ನಿಜದ ಕಾಲುಭಾಗ ಅಂತ ಲೆಕ್ಕ. ಆಗ ಕಣ್ಣುಗುಡ್ಡೆ 6 ಮಿಲಿಮೀಟರ್, ದಪ್ಪ ತೊಗರಿ ಕಾಳಿನಷ್ಟು. ಕರಿಗುಡ್ಡೆ 3 ಮಿಲಿಮೀಟರ್, ಸಜ್ಜೆ ಕಾಳಿನಷ್ಟು. ಕಣ್ಣನ್ನು ದೊಡ್ಡದು ಮಾಡುವ ಆಸೆ ಎಲ್ಲರಿಗೂ ಆಗುತ್ತದೆ. ಮಾಡಿದರೆ ಅದು ಜಾತ್ರೆಯ ಗೊಂಬೆ.

ಬಿಳಿ ಕ್ಲೇಗೆ ಅರೆಪಾರದರ್ಶಕ ಕ್ಲೇ ಒಂದಿಷ್ಟು, ಹಳದಿಗಂದು ಚಿಟಿಕೆ ಸೇರಿಸಿ ನಾದಿ ಗುಂಡು ಮಾಡು. ಎರಡಲ್ಲ, ಹತ್ತು ಮಾಡು. ಜೋಡಿ ಆಮೇಲೆ ಆರಿಸಿಕೊಳ್ಳುವೆಯಂತೆ. ಗುಂಡುತಲೆಯ ಪಿನ್ನಿನಿಂದ ಪ್ರತಿಯೊಂದಕ್ಕೂ ಸಜ್ಜೆಕಾಳಿನಗಲ ತಟ್ಟೆಯಂಥ ತಗ್ಗು ಒತ್ತು. ಈ ತಗ್ಗೇ ಎಲ್ಲಕ್ಕೂ ಆಧಾರ: ಬಣ್ಣ ಕೂರುವುದು ಇದರಲ್ಲಿ, ರೆಸಿನ್ ಹರಿಯದೇ ನಿಲ್ಲುವುದೂ ಇದರಿಂದ. ಕ್ಲೇ ಪೊಟ್ಟಣದ ಮೇಲೆ ಬರೆದಷ್ಟೇ ಶಾಖದಲ್ಲಿ ಬೇಯಿಸು. ಬ್ರಾಂಡಿನಿಂದ ಬ್ರಾಂಡಿಗೆ 110ರಿಂದ 135 ಡಿಗ್ರಿ ಸೆಲ್ಸಿಯಸ್‌ವರೆಗೆ ಬದಲಾಗುತ್ತದೆ. ಸಣ್ಣ ಓವನ್ನಿನ ಗುಂಡಿ ತೋರಿಸುವ ಅಂಕಿಯನ್ನು ನಂಬಬೇಡ, ಒಳಗಿಡುವ ಥರ್ಮಾಮೀಟರ್ ತೊಗೊ.

ಆರಿದ ಮೇಲೆ ಅಕ್ರಿಲಿಕ್ ಬಣ್ಣ. ತಗ್ಗಿನ ಅಂಚಿಗೆ ಕಡುಗಂದು, ನಡುವೆ ಕರಿ ಪಾಪೆ. ಪಾಪೆಯ ಕೆಳಗೆ ಅರ್ಧಚಂದ್ರದ ಹಾಗೆ ಜೇನುಗಂದು. ಮೇಲಿನಿಂದ ಬಿದ್ದ ಬೆಳಕು ಗುಮ್ಮಟ ದಾಟಿ ಕೂಡುವುದು ಎದುರಿನ ಆ ಕೆಳಬದಿಗೆ. ಈ ಒಂದು ಎಳೆ ಬಿಟ್ಟರೆ ನಮ್ಮವರ ಕಪ್ಪುಗಣ್ಣು ಬರೀ ತೂತಾಗಿ ಕಾಣುತ್ತದೆ. ಅಪ್ಪನಿಗಾಗಿ ಹೊರ ಅಂಚಿಗೆ ಮಸುಕಾದ ಬೂದು ಗೆರೆ ಎಳಿ. ಬಿಳಿ ಚುಕ್ಕೆ ಇಟ್ಟು ಹೊಳಪು ಬರೆಯಬೇಡ. ನಿಜವಾದ ಹೊಳಪು ರೆಸಿನ್ನಿನ ಮೇಲೆ ತಾನೇ ಬರುತ್ತದೆ, ನೀನು ಬರೆದದ್ದೂ ಸೇರಿದರೆ ಒಂದು ಕಣ್ಣಿಗೆ ಎರಡಾಗುತ್ತವೆ.

ಮೂರ್ತಿ ಆಗಲೇ ಬೆಂದಿದೆ ಅಂತ ಗಾಬರಿಯಾಗಬೇಡ. ಪಾಲಿಮರ್ ಕ್ಲೇಯನ್ನು ಮತ್ತೆ ಮತ್ತೆ ಬೇಯಿಸಬಹುದು. ಓವನ್ನಿನಲ್ಲಿ ಸ್ವಲ್ಪ ಬಿಸಿ ಮಾಡಿದರೆ ಮೆತ್ತಗಾಗುತ್ತದೆ. ಆಗ ಸಣ್ಣ ಬ್ಲೇಡಿನಿಂದ ಹಳೆಯ ಕಣ್ಣನ್ನು ಕೆತ್ತಿ ತೆಗೆ, ಅಂಟಂಟು ನೇಲ್ ಪಾಲಿಶೂ ಅದರ ಜೊತೆಗೇ ಹೋಗುತ್ತದೆ. (ನೇಲ್ ಪಾಲಿಶಿನ ದ್ರಾವಕ ಈ ಕ್ಲೇಯನ್ನೇ ತಿನ್ನುತ್ತದೆ. ಹದಿನೈದು ದಿನವಲ್ಲ, ವರ್ಷವಾದರೂ ಒಣಗದಿರಬಹುದು. ಡಬ್ಬಿಯಿಂದ ಚಿಮ್ಮಿಸುವ ಎಷ್ಟೋ ವಾರ್ನಿಶ್‌ಗಳದೂ ಇದೇ ಕಥೆ.) ಗೂಡಿಗೆ ದ್ರವರೂಪದ ಪಾಲಿಮರ್ ಕ್ಲೇ ಸವರಿ ಹೊಸ ಕಣ್ಣು ಕೂರಿಸು. ಎರಡೂ ಕಣ್ಣು ಒಂದೇ ಕಡೆ ನೋಡುತ್ತಿವೆಯೇ ಅಂತ ಮೂರ್ತಿಯನ್ನು ಕನ್ನಡಿಗೆ ಹಿಡಿದು ಪರೀಕ್ಷಿಸು. ನಮ್ಮ ಕಣ್ಣಿಗೆ ರೂಢಿಯಾಗಿಬಿಟ್ಟ ಓರೆ ಕನ್ನಡಿಯಲ್ಲಿ ಮುಚ್ಚಿಡಲು ಆಗುವುದಿಲ್ಲ.

ಆಮೇಲೆ ರೆಪ್ಪೆ. ಶಾವಿಗೆಯಂತೆ ತೆಳ್ಳಗೆ ಹೊಸೆದ ಕ್ಲೇ, ಮೊದಲು ಕೆಳಗಿನದು, ನಂತರ ಮೇಲಿನದು. ಮೇಲಿನ ರೆಪ್ಪೆ ಕರಿಗುಡ್ಡೆಯ ನೆತ್ತಿಯನ್ನು ಸ್ವಲ್ಪವಾದರೂ ಮುಚ್ಚಲೇಬೇಕು. ಸುತ್ತಲೂ ಬಿಳಿ ಕಂಡರೆ ಮನುಷ್ಯ ಹೆದರಿದ ಹಾಗೆ ಕಾಣುತ್ತಾನೆ, ಮೊದಲ ಸಲ ನೀನು ಎಡವಿದ್ದು ಇಲ್ಲೇ ಇರಬಹುದು ಅಂತ ನನ್ನ ಗುಮಾನಿ. ಮೂಗಿನ ಕಡೆಯ ಮೂಲೆಗೆ ಸಾಸಿವೆಗಿಂತ ಸಣ್ಣ ಗುಲಾಬಿ ಕಣ. ರೆಪ್ಪೆ ಕೂತ ಮೇಲೆ ಇನ್ನೊಮ್ಮೆ ಬೇಯಿಸು. ಅಕ್ರಿಲಿಕ್ ಬಣ್ಣ ಆ ಶಾಖ ತಡೆಯುತ್ತದೆ.

ರೆಸಿನ್ ಎಲ್ಲಕ್ಕಿಂತ ಕೊನೆಗೆ. ಯುವಿ ರೆಸಿನ್ ಅಂತ ಸಣ್ಣ ಬಾಟಲಿ ಸಿಗುತ್ತದೆ, ನೇರಳಾತೀತ ಬೆಳಕು ಬಿದ್ದರೆ ಗಟ್ಟಿಯಾಗುತ್ತದೆ. ಸೂಜಿತುದಿಯಿಂದ ತಗ್ಗಿಗೆ ಒಂದು ಹನಿ ಬಿಡು. ಗುಳ್ಳೆ ಎದ್ದರೆ ಅದೇ ಸೂಜಿಯಿಂದ ಒಡಿ. ಸಣ್ಣ ಯುವಿ ಟಾರ್ಚಿನಿಂದ ಗಟ್ಟಿ ಮಾಡಿ, ಆಮೇಲೆ ಇನ್ನೊಂದು ಹನಿ ಬಿಟ್ಟು ಉಬ್ಬಿಸು. ಒಂದೇ ಸಲ ದಪ್ಪ ಹನಿ ಬಿಟ್ಟು ಮುಗಿಸುವ ಅವಸರ ಬೇಡ. ದಪ್ಪ ರೆಸಿನ್ ಒಮ್ಮೆಲೇ ಗಟ್ಟಿಯಾಗುವಾಗ ಕಾಯುತ್ತದೆ, ಹಳದಿಗೆ ತಿರುಗುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ಮಣೂಕ (ಒಣದ್ರಾಕ್ಷಿ) ಮಾಡುವ ಊರಿನವಳಿಗೆ ನಾನು ಹೇಳಬೇಕೇ? ಹಸಿರು ಬಣ್ಣ ಉಳಿಯಲಿ ಅಂತಲ್ಲವೇ ದ್ರಾಕ್ಷಿಯನ್ನು ಸುಡುಬಿಸಿಲಿಗೆ ಹರಡದೇ ಶೆಡ್ಡಿನ ನೆರಳಲ್ಲಿ ಒಣಗಿಸುವುದು. ಟಾರ್ಚ್ ಇಲ್ಲದಿದ್ದರೆ ನಮ್ಮ ಬಿಸಿಲೂ ಈ ಕೆಲಸ ಮಾಡುತ್ತದೆ. ಹಾಗೆಂದೇ ಬಾಟಲಿಯನ್ನು ಕಿಟಕಿಯಲ್ಲಿಡಬೇಡ. ನಾನು ಒಮ್ಮೆ ಇಟ್ಟು ಮರೆತೆ, ಸಂಜೆ ನೋಡಿದರೆ ಬಾಟಲಿಯೊಳಗೇ ಕಲ್ಲು. ಹಸಿ ಕ್ಲೇಯನ್ನೂ ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಕೆಳಗೆ, ನಿಲ್ಲಿಸಿದ ಕಾರಿನೊಳಗೆ ಇಡಬೇಡ, ಅಲ್ಲೇ ಅರೆಬರೆ ಬೆಂದು ಪುಡಿಪುಡಿಯಾಗುತ್ತದೆ. ತಕ್ಷಣ ಅಂಟುವ ಗೋಂದನ್ನು ಮಾತ್ರ ಕಣ್ಣಿನ ಹತ್ತಿರ ತರಬೇಡ. ಅದರ ಆವಿಗೆ ತಿಳಿಗಣ್ಣಿನ ಮೇಲೆ ಬಿಳಿ ಮಂಜು ಕೂತು ಮೋತಿಬಿಂದು ಬಂದಂತಾಗುತ್ತದೆ.

ಎತ್ತಿನ ಕಣ್ಣು ಇದಕ್ಕಿಂತ ಸುಲಭ, ಅದನ್ನೇ ಮೊದಲು ಮಾಡಿ ಕೈ ಪಳಗಿಸಿಕೋ. ಒಡವೆ ಮಾಡುವ ಸಾಮಾನಿನ ಅಂಗಡಿಯಲ್ಲಿ ಒಂದು ಮಗ್ಗುಲು ಚಪ್ಪಟೆ, ಒಂದು ಮಗ್ಗುಲು ಉಬ್ಬಿದ ತಿಳಿಗಾಜಿನ ಹರಳು ಸಿಗುತ್ತವೆ. 10 ಮಿಲಿಮೀಟರಿನದು ಕೇಳು. ಪ್ಲಾಸ್ಟಿಕ್ಕೋ ಗಾಜೋ ಅಂತ ಹಲ್ಲಿಗೆ ತಟ್ಟಿ ನೋಡು, ಗಾಜು ತಣ್ಣಗೆ ಟಣ್ ಅನ್ನುತ್ತದೆ. ಗಾಜಾದರೆ ಹಸಿ ಕ್ಲೇಯಲ್ಲಿ ಕೂರಿಸಿಯೇ ಬೇಯಿಸಬಹುದು. ಬಣ್ಣ ಚಪ್ಪಟೆ ಬೆನ್ನಿಗೆ, ಉಲ್ಟಾ ಕ್ರಮದಲ್ಲಿ: ಮೊದಲು ಪಾಪೆ, ಅದರ ಮೇಲೆ ಕಂದು, ಕೊನೆಗೆ ಹಿಂಬದಿಯ ಕಡುಬಣ್ಣ. ದನದ ಪಾಪೆ ನಮ್ಮ ಹಾಗೆ ದುಂಡಗಿಲ್ಲ, ಅಡ್ಡಕ್ಕೆ ಉದ್ದ. ಬಿಳಿ ಕಾಣುವುದೇ ಅಪರೂಪ. ಖಿಲಾರಿಯ ಬೆಳ್ಳನೆಯ ಮುಖದಲ್ಲಿ ಕಣ್ಣಿನ ಸುತ್ತಲ ಕರಿ ಅಂಚು ಕಾಡಿಗೆ ಹಚ್ಚಿದಂತಿರಬೇಕು. ಇದಕ್ಕೆ ಅಣ್ಣನನ್ನು ಹಿಡಿ. ಬಬಲೇಶ್ವರದಲ್ಲಿ ಯಾರದಾದರೂ ಕೊಟ್ಟಿಗೆಯ ಎತ್ತಿನ ಕಣ್ಣನ್ನು ಹತ್ತಿರದಿಂದ, ಬದಿಯಿಂದ, ಎದುರಿನಿಂದ ಮೊಬೈಲಿನಲ್ಲಿ ತೆಗೆದು ಕಳಿಸು ಅನ್ನು. ‘ಇದೆಲ್ಲ ಯಾಕ’ ಅಂದವನಿಗೆ ಒಂದು ಕೆಲಸ ಕೊಟ್ಟರೆ ನಾಳೆ ಅವನೇ ಫೋನ್ ಮಾಡಿ “ಎತ್ತು ಎಲ್ಲಿಗೆ ಬಂತು” ಅಂತ ಕೇಳುತ್ತಾನೆ. ಫೋಟೋನೂ ಇಡಲಿ, ಮೂರ್ತಿನೂ ಇರಲಿ, ಇದರಲ್ಲಿ ಜಗಳಕ್ಕೆ ಏನಿದೆ?

ಜೋಪಾನದ ಮಾತು ಚುಟುಕಾಗಿ. ಹಸಿ ರೆಸಿನ್ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಿಸಬಹುದು, ಒಮ್ಮೆ ಹುಟ್ಟಿತೆಂದರೆ ಬಿಡುವುದಿಲ್ಲ. ಕೈಗವಸು ಹಾಕು, ಕಿಟಕಿ ತೆರೆ. ಯುವಿ ಟಾರ್ಚಿನ ಬೆಳಕನ್ನು ಕಣ್ಣಿಟ್ಟು ನೋಡಬೇಡ. ಪಾಲಿಮರ್ ಕ್ಲೇ ಅಂದರೆ ಪಿವಿಸಿ. ಸೀದರೆ ಬರುವ ಹೊಗೆ ಗಂಟಲು, ಕಣ್ಣು ಉರಿಸುತ್ತದೆ. ಹೆಂಚು, ಕಡಾಯಿ, ಮೈಕ್ರೋವೇವ್ ಯಾವುದರಲ್ಲೂ ಬೇಯಿಸಬೇಡ. ಕ್ಲೇಗೆ ಹಚ್ಚಿದ ಓವನ್ನಿನಲ್ಲಿ ಅಡುಗೆ ಮಾಡದಿರುವುದೇ ಒಳ್ಳೆಯದು.

ಉಳಿದದ್ದು ಅವ್ವನ ವಿಷಯ. ನೀನು ಇದುವರೆಗೆ ಮುಗಿಸಿ ತೋರಿಸಿದ್ದೀಯ, ಕೇಳಿ ಮಾಡಿಲ್ಲ. ಅಪ್ಪನ ಕಣ್ಣನ್ನು ಎಲ್ಲರಿಗಿಂತ ಹೆಚ್ಚು ನೋಡಿದವರು ಅವರು. ಹತ್ತು ಗುಂಡುಗಳನ್ನು ತಾಟಿನಲ್ಲಿಟ್ಟು ಮುಂದೆ ಹಿಡಿ, “ಯವ್ವಾ, ಇದರಾಗ ಅಪ್ಪನವು ಯಾವು?” ಅಂತ ಕೇಳು. ಕಟ್ಟೆ ಮೇಲೆ ಕೂತಾಗ ಎತ್ತ ನೋಡುತ್ತಿದ್ದರು, ಬಾಗಿಲ ಕಡೆಗೋ, ತೋಟದ ಕಡೆಗೋ, ಅದನ್ನೂ ಕೇಳಿಯೇ ಕಣ್ಣು ತಿರುಗಿಸು. ಗುಡಿಯ ಮೂರ್ತಿಗೆ ಶಿಲ್ಪಿ ಕಣ್ಣು ತೆರೆಯುವುದು ಎಲ್ಲ ಮುಗಿದ ಮೇಲೆ. ರೆಸಿನ್ ಹನಿಯನ್ನು ನೀನೂ ಕೊನೆಗೇ ಬಿಡುತ್ತೀಯ. ಆಗ ಅವ್ವನಿಗೆ ಪಕ್ಕದಲ್ಲಿ ಕೂರುವ ಮನಸ್ಸಿದ್ದರೆ ಕೂರಲಿ. ಎದ್ದು ಹೋದರೆ ತಡೆಯಬೇಡ, ಹೋದವರ ಕಣ್ಣನ್ನು ಮತ್ತೆ ನೋಡಲು ಎಲ್ಲರಿಗೂ ಒಂದೇ ಹೊತ್ತಿಗೆ ಧೈರ್ಯ ಬರುವುದಿಲ್ಲ. ವರ್ಷದ ದಿನ ಮೂರ್ತಿಯನ್ನು ಒಳಕೋಣೆಯಲ್ಲೇ ಇಡು ಅಂದರೆ ಹಾಗೇ ಆಗಲಿ.

ವರ್ಷದ ಪೂಜೆಗೆ ಮೂರ್ತಿ ಹೊರಗಿಟ್ಟರೆ ದೀಪವನ್ನು ಒಂದು ಮೊಳ ದೂರವಿಡು, ಮಸಿ ಮತ್ತು ಕಾವು ಎರಡೂ ರೆಸಿನ್ನಿಗೆ ಆಗದು. ಮತ್ತೆ ದೀಪ ನಟ್ಟನಡುವೆ ಬೇಡ. ತುಸು ಎಡಕ್ಕೆ, ಮೂರ್ತಿಯ ಹಣೆಗಿಂತ ಎತ್ತರಕ್ಕಿಡು. ಎರಡೂ ಕಣ್ಣಲ್ಲಿ ಒಂದೇ ಕಡೆ ಬೆಳಕಿನ ಚುಕ್ಕೆ ಬೀಳುತ್ತದೆ, ಜ್ಯೋತಿ ಅಲುಗಿದಾಗ ಅದೂ ಅಲುಗುತ್ತದೆ.