ಸೈಕಲ್ ಯಾರ ಕೈಗೆ ಕೊಡಲಿ?

ಪ್ರಶ್ನೆ: ಮಗನಿಗೆ ಗೇರ್ ಸೈಕಲ್ ಕೊಡಿಸಿ ಎರಡು ವರ್ಷವಾಯಿತು. ಸರ್ವಿಸ್‌ಗೆ ಬಿಟ್ಟಾಗ ಶೋರೂಂನವರು ಚೈನು, ಕ್ಯಾಸೆಟ್ ಎರಡನ್ನೂ ಬದಲಿಸಬೇಕು ಎಂದರು. ನಮ್ಮ ಬೀದಿಯ ಪಂಕ್ಚರ್ ಅಂಗಡಿಯವರು ಎಣ್ಣೆ ಬಿಟ್ಟರೆ ಸಾಕು ಎನ್ನುತ್ತಾರೆ. ನನಗೆ ಗೊತ್ತಾಗುವುದಿಲ್ಲವೆಂದು ಮೋಸ ಮಾಡುತ್ತಿದ್ದಾರೆಯೇ?
– ಗೃಹಿಣಿ, ಬೆಂಗಳೂರು

ಉತ್ತರ: ಇಬ್ಬರು ಎರಡು ಮಾತು ಹೇಳಿದಾಗ ಅನುಮಾನ ಬರುವುದು ಸಹಜ. ಹಾಗೆಂದು ಇಬ್ಬರಲ್ಲೊಬ್ಬರು ಮೋಸಗಾರರೇ ಆಗಿರಬೇಕೆಂದಿಲ್ಲ. ಸವೆದ ಚೈನಿಗೂ ಎಣ್ಣೆ ಬಿಟ್ಟರೆ ನಾಲ್ಕು ದಿನ ಸದ್ದು ನಿಲ್ಲುತ್ತದೆ. ಸವೆತ ಮಾತ್ರ ನಿಲ್ಲುವುದಿಲ್ಲ.

ಯಾರು ಸರಿ ಎಂಬುದನ್ನು ನೀವೇ ಅಳೆದು ನೋಡಬಹುದು. ಸ್ಟೀಲ್ ಟೇಪಿನ ಸೊನ್ನೆಯನ್ನು ಚೈನಿನ ಒಂದು ಪಿನ್ನಿನ ನಡುವಿಗೆ ಹಿಡಿದು, ಮುಂದಕ್ಕೆ 24 ಪಿನ್ ಎಣಿಸಿ. ಹೊಸ ಚೈನಿನಲ್ಲಿ ಇದು ಸರಿಯಾಗಿ 12 ಇಂಚು. ಅದಕ್ಕಿಂತ 1/16 ಇಂಚು ಹೆಚ್ಚು ಬಂದರೆ ಚೈನ್ ಬದಲಿಸುವ ಕಾಲ. 1/8 ಇಂಚು ಹೆಚ್ಚಿದ್ದರೆ ಕ್ಯಾಸೆಟ್‌ನ (ಹಿಂದಿನ ಚಕ್ರದ ಹಲ್ಲುಬಿಲ್ಲೆಗಳ ಗೊಂಚಲು) ಹಲ್ಲುಗಳೂ ಸವೆದಿರುವ ಸಂಭವ ಹೆಚ್ಚು. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಜಾರುತ್ತದೆ. ಆಗ ಶೋರೂಂನವರ ಮಾತು ಸರಿ. ಬದಲಿಸಿದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ, ಸಂಕೋಚ ಬೇಡ.

ಸೈಕಲ್ಲಿಗೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ (ತಂತಿಯ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವ ಬ್ರೇಕು) ಇದ್ದರೆ ಇನ್ನೊಂದು ಪ್ರಶ್ನೆ ಕೇಳಿ: ‘ಇದಕ್ಕೆ ಯಾವ ಎಣ್ಣೆ ಹಾಕುತ್ತೀರಿ?’ ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್ ಬೇಕು, ಬೇರೆ ಕೆಲವಕ್ಕೆ ಡಾಟ್ ದ್ರವ. ಅದಲುಬದಲಾದರೆ ಒಳಗಿನ ರಬ್ಬರು ಹಾಳಾಗಿ ಬ್ರೇಕ್ ಕೈಕೊಡುತ್ತದೆ. ‘ಯಾವುದಾದರೂ ನಡೆಯುತ್ತದೆ’ ಎಂದವರಿಗೆ ಬ್ರೇಕ್ ಕೆಲಸ ಕೊಡಬೇಡಿ. ಪಂಕ್ಚರಿಗೆ, ಗಾಳಿಗೆ ಮಾತ್ರ ನಿಮ್ಮ ಬೀದಿಯವರೇ ಸಾಕು.

ಪ್ರಶ್ನೆ: ನನ್ನದು ರಾಡ್ ಬ್ರೇಕಿನ ಕಪ್ಪು ಸೈಕಲ್, ಮೂವತ್ತು ವರ್ಷದ ಒಡನಾಟ. ದೊಡ್ಡ ಅಂಗಡಿಗೆ ಒಯ್ದರೆ, ‘ಇದರ ಸಾಮಾನು ಸಿಗಂಗಿಲ್ರಿ ಸರ, ಹೊಸಾದು ತಗೊಳ್ರಿ’ ಎಂದು ನಕ್ಕರು. ಗುಜರಿಗೆ ಹಾಕುವುದೊಂದೇ ದಾರಿಯೇ?
– ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಉತ್ತರ: ಖಂಡಿತ ಬೇಡ. ಆ ಅಂಗಡಿಯಲ್ಲಿ ಸಿಗದೆ ಇರಬಹುದು, ಪೇಟೆಯಲ್ಲಿ ಸಿಗುತ್ತದೆ. ನಿಮ್ಮ ಸೈಕಲ್ಲಿನ 28 × 1½ ಟೈರು, ಕಡ್ಡಿ (ಸ್ಪೋಕ್), ಬ್ರೇಕಿನ ರಬ್ಬರು, ಕಾಟರ್ ಪಿನ್ (ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಬೆಣೆ) ಎಲ್ಲವೂ ಇಂದಿಗೂ ತಯಾರಾಗುತ್ತಿವೆ.

ಬೆಳಿಗ್ಗೆ ಹಾಲು, ಪೇಪರ್ ಹಾಕುವವರನ್ನು ವಿಚಾರಿಸಿ. ಸೈಕಲ್ ಒಂದು ದಿನ ನಿಂತರೆ ಅವರ ಆ ದಿನದ ದುಡಿಮೆಯೇ ನಿಂತಂತೆ. ಹಾಗಾಗಿ ಅವರು ಹೋಗುವ ಅಂಗಡಿಯನ್ನು ಧಾರಾಳವಾಗಿ ನಂಬಬಹುದು. ಅಲ್ಲಿ ‘ಓವರಾಯ್ಲಿಂಗ್’ ಮಾಡಿಸುವ ಮೊದಲು ಏನೇನು ಬಿಚ್ಚುತ್ತೀರಿ ಎಂದು ಕೇಳಿ. ಮೇಲೆ ಎಣ್ಣೆ ಬಿಟ್ಟು ಒರೆಸುವುದಷ್ಟೇ ಓವರಾಯ್ಲಿಂಗ್ ಅಲ್ಲ. ಹಬ್ (ಚಕ್ರದ ನಡುವಿನ ಗುಂಬ) ಬಿಚ್ಚಿ, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸವೆದವನ್ನು ಬದಲಿಸಿ ಹೊಸ ಗ್ರೀಸ್ ತುಂಬಬೇಕು.

ಪ್ರಶ್ನೆ: ರಿಪೇರಿ ಮಾಡಿಸಿ ತಂದ ವಾರದಲ್ಲೇ ಎಡ ಪೆಡಲ್ ನಡುರಸ್ತೆಯಲ್ಲಿ ಕಳಚಿಬಿತ್ತು. ಬಿಗಿ ಮಾಡಿಸಿದೆ, ಮತ್ತೆ ಸಡಿಲವಾಯಿತು. ಈಗ ಸೈಕಲ್ ಹತ್ತಲು ಭಯ.
– ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಭಯ ನ್ಯಾಯವಾದದ್ದೇ. ಆ ಪೆಡಲ್ ಸರಿಯಾಗುವವರೆಗೆ ಸೈಕಲ್ ಹತ್ತಬೇಡಿ. ಆದರೆ ಇದು ಸರಿಹೋಗದ ತೊಂದರೆಯಲ್ಲ.

ಬಲ ಪೆಡಲ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುತ್ತದೆ. ಎಡದ್ದು ಅದಕ್ಕೆ ಉಲ್ಟಾ. ಇದನ್ನರಿಯದ ಕೈ ಬಲವಂತ ಮಾಡಿದರೆ ತೋಳಿನೊಳಗಿನ ಥ್ರೆಡ್ (ತಿರುಪಿನ ಗೆರೆ) ಅಳಿಸಿಹೋಗುತ್ತದೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲದು. ಸಾಮಾನ್ಯವಾಗಿ ಎಡ ತೋಳೊಂದನ್ನೇ ಬದಲಿಸಿದರೆ ಸಾಕು. ಬೇರೆ ಅಂಗಡಿಗೆ ಒಯ್ದು ಥ್ರೆಡ್ ತೋರಿಸಿ.

ಇನ್ನು ಮುಂದೆ ಅಂಗಡಿ ಬಿಡುವ ಮೊದಲು ಮೂರು ಕೆಲಸ ಮಾಡಿ. ಒಂದೊಂದೇ ಬ್ರೇಕ್ ಹಿಡಿದು ಸೈಕಲ್ ಮುಂದೆ ತಳ್ಳಿ. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿಹಿಡಿದು ಹ್ಯಾಂಡಲ್ ತಿರುಚಿ ನೋಡಿ. ಹ್ಯಾಂಡಲ್ ಮಾತ್ರ ತಿರುಗಿದರೆ ಬಿಗಿಯಾಗಿಲ್ಲವೆಂದರ್ಥ. ಚಕ್ರ ಎತ್ತಿ ಪಕ್ಕಕ್ಕೆ ಅಲುಗಿಸಿ, ಲಟಪಟ ಎನ್ನಬಾರದು. ಇದನ್ನು ನೋಡಿ ಒಳ್ಳೆಯ ಮೆಕ್ಯಾನಿಕ್ ಸಿಟ್ಟಾಗುವುದಿಲ್ಲ.

ಪ್ರಶ್ನೆ: ಊರಿಗೆ ಹೊಸಬ. ಯಾರನ್ನೂ ಅರಿಯೆ. ಒಳ್ಳೆಯ ಸೈಕಲ್ ಅಂಗಡಿ ಗುರುತಿಸುವುದು ಹೇಗೆ?
– ಓದುಗ, ಧಾರವಾಡ

ಉತ್ತರ: ಮೊದಲೇ ದೊಡ್ಡ ಕೆಲಸ ಕೊಡಬೇಡಿ. ಒಂದು ಪಂಕ್ಚರ್ ಹಾಕಿಸಿ, ಪಕ್ಕದಲ್ಲೇ ನಿಂತು ನೋಡಿ. ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗ ಹುಡುಕಿ, ಉಜ್ಜಿ, ಸಲ್ಯೂಷನ್ ಹಚ್ಚಿ ತೇಪೆ ಅಂಟಿಸುವುದನ್ನು ಎಲ್ಲರೂ ಮಾಡುತ್ತಾರೆ. ಟ್ಯೂಬನ್ನು ಒಳಗಿಡುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ಮೆಲ್ಲಗೆ ಸುತ್ತ ಸವರಿ, ಸಿಕ್ಕಿಕೊಂಡ ಜಾಲಿ ಮುಳ್ಳನ್ನು ಹುಡುಕಿ ತೆಗೆದು ನಿಮಗೆ ತೋರಿಸುತ್ತಾರೆಯೇ? ಹಾಗಿದ್ದರೆ ನಿಮ್ಮ ಅಂಗಡಿ ಸಿಕ್ಕಿತೆಂದೇ ತಿಳಿಯಿರಿ.